ಹೆಣ್ಣನ್ನೇ ಕೇಳಿದ ಪ್ರಸಂಗ

ನಮ್ಮ ಕಡೆ ಮದುವೆಯ ಮಾತು ಶುರುವಾಗುವುದೇ 'ಹೆಣ್ಣು ಕೇಳೋದು' ಎಂಬ ಮಾತಿನಿಂದ. "ಕೂಡ್ಲಿಗಿಗೆ ಹೆಣ್ಣು ಕೇಳಾಕ ಹೋಗಿದ್ವಿ", "ಕೊಟ್ಟೂರಿನವರು ಹೆಣ್ಣು ಕೇಳಾಕ ಬಂದಿದ್ರು" ಎಂದು ಎಲ್ಲರೂ ಹೇಳುತ್ತಾರೆ. ಈ ಮಾತಿನಲ್ಲಿ ಒಂದು ತಮಾಷೆ ಇದೆ ಎಂಬುದು ಮಾತ್ರ ನನಗೆ ಮೂವತ್ತು ದಾಟುವವರೆಗೂ ಹೊಳೆದಿರಲಿಲ್ಲ. ಹೆಣ್ಣು ಕೇಳಲು ಹೋದವರು ಹೆಣ್ಣಿನ ಅಪ್ಪನನ್ನು ಕೇಳುತ್ತಾರೆ. ಅಪ್ಪ ಅವಳ ಸೋದರಮಾವನನ್ನು ಕೇಳುತ್ತಾನೆ. ಸೋದರಮಾವ ಮನೆದೇವರ ಮುಂದೆ ಕೂತು ಹೂವು ಕೇಳುತ್ತಾನೆ. ಬಲಕ್ಕೆ ಬಿದ್ದರೆ ಸರಿ, ಎಡಕ್ಕೆ ಬಿದ್ದರೆ ದೇವರಿಗೆ ಇನ್ನೊಮ್ಮೆ ಅವಕಾಶ ಕೊಡುತ್ತಾನೆ. ಆಮೇಲೆ ಅಡುಗೆಯವನನ್ನು, ಶಾಮಿಯಾನದವನನ್ನು, ವಾಲಗದವರನ್ನು, ಕಲ್ಯಾಣ ಮಂಟಪದ ಕೀಲಿ ಯಾರ ಹತ್ತಿರ ಇದೆಯೋ ಅವನನ್ನು ಕೇಳುತ್ತಾರೆ. ಹೀಗೆ ಸೀಮೆಗೆ ಸೀಮೆಯನ್ನೇ ಕೇಳಿ ಮುಗಿಸಿದ ಮೇಲೂ ಒಬ್ಬಳನ್ನು ಕೇಳುವುದು ಉಳಿದೇ ಹೋಗಿರುತ್ತದೆ. ಅದು ಉಳಿದಿದೆ ಎಂದು ಯಾರಿಗೂ ಅನ್ನಿಸುವುದೂ ಇಲ್ಲ. ನನಗೂ ಅನ್ನಿಸಿರಲಿಲ್ಲ. ಅವಳೇ ಹೇಳುವವರೆಗೆ.

ನಾನು ಹಗರಿಬೊಮ್ಮನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಹೆಸರು ಕೊಟ್ರೇಶ. ನಮ್ಮ ಸೀಮೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಈ ಹೆಸರು ಹಿಡಿದು ಕೂಗಿದರೆ ಅರ್ಧ ಬಸ್ಸು ಖಾಲಿಯಾಗುತ್ತದೆ, ಡ್ರೈವರೂ ಇಳಿದರೆ ಆಶ್ಚರ್ಯವಿಲ್ಲ. ಹುಟ್ಟಿದ್ದು ಕೂಡ್ಲಿಗಿ ಕಡೆಯ ಹಳ್ಳಿಯಲ್ಲಿ, ಕುರಿ ಸಾಕುವ ಮನೆಯಲ್ಲಿ. ಅಪ್ಪ ಇಲ್ಲ. ಅವ್ವ ನನ್ನ ಜೊತೆ ಬಾಡಿಗೆ ಮನೆಯಲ್ಲಿ ಇದ್ದಾಳೆ. ಊರಿನಲ್ಲಿ ದೊಡ್ಡಪ್ಪ ಕುರಿಗಳನ್ನೂ ಬಳಗದ ಎಲ್ಲರ ಮದುವೆಗಳನ್ನೂ ಒಂದೇ ಕೋಲಿನಿಂದ ನೋಡಿಕೊಳ್ಳುತ್ತಾನೆ. ನನಗೆ ಹಡಗಲಿಯ ಸಂಬಂಧ ತಂದವನೂ ಅವನೇ. "ಹುಡುಗಿ ದನದ ಡಾಕ್ಟರ್ ಅದಾಳಲೇ. ಇಟ್ಟಿಗಿ ಆಸ್ಪತ್ರಿಯಾಗ. ನಮ್ಮ ಟಗರಿಗೆ ಕಾಲು ಬಾತಾಗ ಆಕಿನೇ ಸೂಜಿ ಮಾಡಿದ್ದು. ಟಗರು ಮಿಸುಕಲಿಲ್ಲ" ಎಂದು ವರದಿ ಕೊಟ್ಟ. ಟಗರನ್ನು ಮಿಸುಕದಂತೆ ಹಿಡಿಯುವವಳು ನನ್ನನ್ನೂ ಹಿಡಿದಾಳು ಎಂಬುದು ಅವನ ಲೆಕ್ಕ.

ಹುಡುಗಿಯ ಹೆಸರು ಹಾಲಮ್ಮ. ದನದ ಡಾಕ್ಟರಿಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಸಿಗಲಾರದು. ಅವರ ಮನೆಯಲ್ಲಿ ಉಪ್ಪಿಟ್ಟು, ಬಾಳೆಹಣ್ಣು ಮುಗಿದ ಮೇಲೆ "ಹುಡುಗ ಹುಡುಗಿ ಎರಡು ಮಾತಾಡ್ಲಿ" ಎಂದು ನಮ್ಮಿಬ್ಬರನ್ನು ಹಿತ್ತಲಿಗೆ ಕಳಿಸಿದರು. ಅಲ್ಲಿ ಒಂದು ಆಡಿನ ಮರಿ, ಒಂದು ನಿಂಬೆ ಗಿಡ, ಮತ್ತು ಗೋಡೆಯಾಚೆ ಕಿವಿಯಿಟ್ಟು ನಿಂತ ಪಕ್ಕದ ಮನೆಯವರು. ಏನಾದರೂ ಕೇಳಬೇಕಲ್ಲ ಎಂದು, "ಎಸ್ಸೆಸ್ಸೆಲ್ಸಿಯೊಳಗ ಗಣಿತಕ್ಕ ಎಷ್ಟು ಬಂದಿತ್ರಿ?" ಎಂದು ಕೇಳಿದೆ. ಅವಳು ಹೇಳಿದಳು. ನನಗೆ ಬಂದದ್ದಕ್ಕಿಂತ ಜಾಸ್ತಿ ಇತ್ತು. ಹಾಗಾಗಿ ಆ ವಿಷಯ ಮುಂದುವರಿಸಲಿಲ್ಲ. ಆಮೇಲೆ ಅವಳು, "ನಿಮಗ ಕುರಿ ವಾಸನಿ ಆಗಿಬರ್ತೈತೇನ್ರಿ? ನನ್ನ ಮೈಗೆ ಅದು ಇದ್ದೇ ಇರ್ತೈತಿ" ಎಂದಳು. "ನಾ ಹುಟ್ಟಿದ್ದೇ ಅದರಾಗ್ರಿ" ಎಂದೆ. ಅವಳು ಸ್ವಲ್ಪ ನಕ್ಕಳು. ಒಳಗೆ ಬರುವ ಹೊತ್ತಿಗೆ ದೊಡ್ಡಪ್ಪ ಎಲೆ ಅಡಿಕೆ ಹಾಕಿಕೊಂಡು ನಿಶ್ಚಿತಾರ್ಥದ ದಿನ ಗೊತ್ತು ಮಾಡಿ, ಮಂಟಪದವನಿಗೆ ಫೋನ್ ಹಚ್ಚಿದ್ದ.

ಅಲ್ಲಿಂದ ದಿನಾ ಸಂಜೆ ಫೋನಿನಲ್ಲಿ ಮಾತು. ಅವಳು ಆ ದಿನದ ಎಮ್ಮೆ, ಆಕಳು, ಕೋಳಿಗಳ ಸಮಾಚಾರ ಹೇಳುತ್ತಿದ್ದಳು. ನಾನು ಒಂಬತ್ತನೇ ಕ್ಲಾಸಿನದು ಹೇಳುತ್ತಿದ್ದೆ. ಹೆಚ್ಚು ವ್ಯತ್ಯಾಸ ಕಾಣುತ್ತಿರಲಿಲ್ಲ. ಒಂದು ಸಂಜೆ, ಹಿಂದುಗಡೆ ಬಕೆಟ್ಟಿಗೆ ನೀರು ಬೀಳುವ ಸದ್ದಿನ ನಡುವೆ, ಅವಳು ಮಾಮೂಲಿ ದನಿಯಲ್ಲೇ ಹೇಳಿದಳು: "ಅಲ್ರಿ, ಎಲ್ಲಾರೂ ಎಲ್ಲಾರನ್ನೂ ಕೇಳ್ಯಾರ. ನಿಮ್ಮ ದೊಡ್ಡಪ್ಪಾರು ನಮ್ಮ ಅಪ್ಪಗ ಕೇಳಿದ್ರು. ನಮ್ಮ ಅಪ್ಪ ನಮ್ಮ ಮಾಮಗ ಕೇಳಿದ. ನನ್ನ ಯಾರೂ ಕೇಳಲಿಲ್ಲ ನೋಡ್ರಿ." ನಾನು ನಕ್ಕೆ. ಅವಳೂ ನಕ್ಕಳು. ಆದರೆ ಅವಳ ನಗು ನನ್ನದಕ್ಕಿಂತ ಸ್ವಲ್ಪ ಮೊದಲೇ ನಿಂತುಹೋಯಿತು. ಫೋನ್ ಇಟ್ಟ ಮೇಲೆ ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಮರುದಿನ ಸ್ಟಾಫ್ ರೂಮಿನಲ್ಲಿ ಷಫಿಗೆ ಹೇಳಿದೆ. ಷಫಿ ನಮ್ಮ ಡ್ರಾಯಿಂಗ್ ಮೇಷ್ಟ್ರು, ನನ್ನ ಗೆಳೆಯ. ಮದುವೆಯಾಗಿ ವರ್ಷ ತುಂಬಿಲ್ಲವಾದ್ದರಿಂದ ದಾಂಪತ್ಯದ ವಿಷಯದಲ್ಲಿ ತನಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ನಂಬಿದ್ದಾನೆ. "ಇಷ್ಟೇನಾ? ಪ್ರಪೋಸ್ ಮಾಡಲೇ" ಎಂದ. "ನಿಶ್ಚಿತಾರ್ಥಕ್ಕ ದಿನ ಗೊತ್ತಾದ ಮ್ಯಾಲೆ ಪ್ರಪೋಸ್ ಏನ್ ಮಾಡೋದು?" ಎಂದೆ. "ಹಂಗಾದ್ರ ಇನ್ನೂ ಚಲೋ. ಡರ್ ಇಲ್ಲ, ಫಿಕರ್ ಇಲ್ಲ. ಆಕಿ ಹ್ಞೂ ಅನ್ನೋದು ಗ್ಯಾರಂಟಿ" ಎಂದು ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಸಮುದ್ರದ ದಂಡೆಯಲ್ಲಿ ಒಬ್ಬ ಮೊಣಕಾಲೂರಿ ಡಬ್ಬಿ ತೆರೆಯುತ್ತಾನೆ, ಹುಡುಗಿ ಬಾಯಿ ಮುಚ್ಚಿಕೊಂಡು ಅಳುತ್ತಾಳೆ, ಎಲ್ಲಿಂದಲೋ ಜನ ಬಂದು ಚಪ್ಪಾಳೆ ತಟ್ಟುತ್ತಾರೆ. ಬೆಟ್ಟದ ಮೇಲೆ ಇನ್ನೊಬ್ಬ, ದೋಣಿಯಲ್ಲಿ ಮತ್ತೊಬ್ಬ. ಎಲ್ಲರೂ ಒಂದೇ ಕಾಲು ಊರುತ್ತಿದ್ದರು. ನಮ್ಮ ಶಾಲೆಯ ದಿನಗಳಲ್ಲಿ ಮೊಣಕಾಲೂರುತ್ತಿದ್ದದ್ದು ಮಗ್ಗಿ ತಪ್ಪಿದಾಗ, ಅದೂ ಎರಡೂ ಕಾಲು. ಡಬ್ಬಿಯೊಳಗಿದ್ದದ್ದು ಮಾತ್ರ ಎಲ್ಲ ವಿಡಿಯೋದಲ್ಲೂ ವಜ್ರದ ಉಂಗುರವೇ. "ಬಂಗಾರದ್ದು ನಡೆಯಂಗಿಲ್ಲೇನಲೇ?" ಎಂದು ಕೇಳಿದೆ. "ಬಂಗಾರ ದೊಡ್ಡಪ್ಪ ಕೊಡಸ್ತಾನ. ವಜ್ರ ನೀನು ಕೊಡಬೇಕು" ಎಂದ ಷಫಿ. ಕೆಲವೊಮ್ಮೆ ಅವನೂ ಅರ್ಥವಿರುವ ಮಾತಾಡುತ್ತಾನೆ.

ಉಂಗುರಕ್ಕೆ ಮೊದಲು ಅವಳ ಬೆರಳಿನ ಅಳತೆ ಬೇಕು, ಅದೂ ಅವಳಿಗೆ ಗೊತ್ತಾಗದ ಹಾಗೆ. ದೊಡ್ಡಪ್ಪನ ಕುರಿಗಳಿಗೆ ಜಂತಿನ ಔಷಧಿ ಬೇಕು ಎಂಬ ನೆವ ಮಾಡಿಕೊಂಡು ಇಟ್ಟಿಗಿಗೆ ಹೋದೆ. ಅಲ್ಲಿ ಅವಳ ಸಹಾಯಕ ದುರುಗಪ್ಪ ಎಂಬ ಹಿರಿಯ ಮನುಷ್ಯ ನನ್ನನ್ನು ಕೂರಿಸಿ, ಯಾವ ದನ, ಯಾವ ಊರು ಎಂದು ವಿಚಾರಿಸಿದ. ಸ್ವಲ್ಪ ಕಿವಿ ಮಂದ, ಆದರೆ ಕೆಲಸದಲ್ಲಿ ಬಹಳ ಶ್ರದ್ಧೆ. ಹಾಲಮ್ಮ ಹೊರಗೆ ಒಂದು ಆಕಳಿನ ಹಿಂದೆ ನಿಂತಿದ್ದಳು. ಮೇಜಿನ ಮೇಲೆ ಅವಳು ಹಾಕಿಕೊಳ್ಳುವ ರಬ್ಬರ್ ಗ್ಲೌಸಿನ ಡಬ್ಬಿ ಇತ್ತು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಸೈಜ್ ಆರೂವರೆ ಎಂದು ಬರೆದಿತ್ತು. ಸಮಸ್ಯೆಯೊಂದು ತಾನಾಗಿ ಬಿಡಿಸಿಕೊಂಡಾಗ ಗಣಿತದ ಮೇಷ್ಟ್ರಿಗೆ ಆಗುವ ಸಂತೋಷ ಬೇರೆಯವರಿಗೆ ತಿಳಿಯಲಾರದು. ಕೈ ಆರೂವರೆ ಆದರೆ ಬೆರಳು ಬೇರೆ ಎಷ್ಟಾದೀತು? ನನ್ನ ಬುದ್ಧಿಗೆ ನಾನೇ ತಲೆದೂಗುತ್ತಾ, ಜಂತಿನ ಔಷಧಿಯನ್ನು ಅಲ್ಲೇ ಮರೆತು ಬಂದೆ.

ಹರಪನಹಳ್ಳಿಯಲ್ಲಿ ಹೊಸದಾಗಿ ಗಾಜಿನ ಬಾಗಿಲಿನ ಒಂದು ಒಡವೆ ಅಂಗಡಿ ಆಗಿತ್ತು. ಷಫಿಯನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಒಳಗೆ ಎಷ್ಟು ತಂಪಿತ್ತೆಂದರೆ ಷಫಿ ಏನೂ ಕೊಳ್ಳದೆ ಸಂಜೆಯವರೆಗೂ ಕೂರಲು ತಯಾರಿದ್ದ. ಅಂಗಡಿಯವರು ಕಪ್ಪು ಮಖಮಲ್ಲಿನ ತಟ್ಟೆ ತಂದು ಮುಂದಿಟ್ಟರು. ಎಲ್ಲ ಉಂಗುರಗಳೂ ನನಗೆ ಒಂದೇ ಥರ ಕಂಡವು. "ಇದರ ಕಟಿಂಗ್ ನೋಡಿ ಸರ್, ಬೆಳಕು ಒಳಗೆ ಹೋಗಿ ತಿರುಗಿ ಬರ್ತೈತೆ" ಎಂದು ಕಣ್ಣಿಗೆ ಒಂದು ಪುಟ್ಟ ಭೂತಗಾಜು ಹಿಡಿದರು. ನಾನು ಒಂದು ಕಣ್ಣು ಮುಚ್ಚಿ ನೋಡಿದೆ. ಬೆಳಕು ಹೋಯಿತು, ಬಂತು. ನನ್ನದೇ ರೆಪ್ಪೆ ದೊಡ್ಡದಾಗಿ ಕಾಣಿಸಿತು. "ಚಲೋ ಐತ್ರಿ" ಎಂದೆ. ಕೊನೆಗೆ ಅವರು ಸರ್ಟಿಫಿಕೇಟ್ ತೋರಿಸಿದಾಗ ಜೀವ ಬಂತು. ಬಣ್ಣಕ್ಕೆ ಇಷ್ಟು, ಶುದ್ಧತೆಗೆ ಇಷ್ಟು ಎಂದು ನಮ್ಮ ಮಕ್ಕಳ ಅಂಕಪಟ್ಟಿಯಂತೆಯೇ ಇತ್ತು. ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಒಂದು ಹರಳಿನದನ್ನು ಆರಿಸಿದೆ. ಅಳತೆ ಕೇಳಿದಾಗ ಗತ್ತಿನಿಂದ "ಆರೂವರೆ" ಎಂದೆ. ಅಂಗಡಿಯವರು ನನ್ನ ಮುಖ ನೋಡಿದರು. "ಅರ್ಧ ಸೈಜ್ ಬರಲ್ಲ ಸರ್. ಮತ್ತೆ ಅದು ಬಾಳ ಸಣ್ಣದಾಗ್ತೈತೆ. ಮಗಳಿಗೇನ್ ಸರ್?" ಎಂದರು. "ಮದುವಿ ಆಗೋ ಹುಡುಗಿಗೆ" ಎಂದೆ. ಅವರು ಇನ್ನೇನೂ ಕೇಳದೆ ಏಳು ಮಾಡಿಕೊಟ್ಟರು. ಹುಡುಗಿ ಬಹಳ ತೆಳ್ಳಗಿರಬೇಕು ಎಂದುಕೊಂಡಿರಬೇಕು.

ಉಂಗುರವನ್ನು ನನ್ನ ಜಾಮಿಟ್ರಿ ಬಾಕ್ಸಿನಲ್ಲಿ ಬಚ್ಚಿಟ್ಟೆ. ಮನೆಯಲ್ಲಿ ಯಾರೂ ಮುಟ್ಟದ ವಸ್ತು ಅದೊಂದೇ. ಆದರೆ ಅವ್ವನಿಗೆ ಮರುದಿನವೇ ಕಾಲಿನ ಮುಳ್ಳು ತೆಗೆಯಲು ಕೈವಾರದ ಮೊನೆ ಬೇಕಾಯಿತು. ನಾನು ಶಾಲೆಯಿಂದ ಬಂದಾಗ ಅವ್ವ ಉಂಗುರವನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದಳು. "ವಜ್ರ ಎಲ್ಲಾರಿಗೂ ಆಗಿಬರಂಗಿಲ್ಲಪ್ಪ. ತಲಿದಿಂಬಿನ ಕೆಳಗ ಇಟ್ಕೊಂಡು ಮಲಗಿ ನೋಡಬೇಕು. ಕೆಟ್ಟ ಕನಸು ಬಿದ್ರ ವಾಪಸ್ ಕೊಡಬೇಕು" ಎಂದಳು. ಯಾರು ಮಲಗಬೇಕು ಎಂಬ ಬಗ್ಗೆ ಚರ್ಚೆಯೇ ಆಗಲಿಲ್ಲ. ಮರುದಿನ ಬೆಳಿಗ್ಗೆ ಚಹಾ ಕೊಡುತ್ತಾ, "ಕನಸಿನಾಗ ಕುರಿ ಬಂದ್ವು. ಎಲ್ಲಾ ತಿರುಗಿ ಹಟ್ಟಿ ಸೇರಿದ್ವು. ಆಗಿಬರ್ತೈತಿ, ಕೊಡು" ಎಂದು ತೀರ್ಪಿತ್ತಳು. ಅವ್ವನಿಗೆ ಬುದ್ಧಿ ಬಂದಾಗಿನಿಂದ ಕನಸಿನಲ್ಲಿ ಕುರಿ ಬಿಟ್ಟು ಬೇರೇನೂ ಬಂದದ್ದಿಲ್ಲ ಎಂಬುದನ್ನು ನಾನು ನೆನಪಿಸಲು ಹೋಗಲಿಲ್ಲ.

ಜಾಗ ಹೊಳಲು ಎಂದು ನಿಶ್ಚಯಿಸಿದೆ. ಸಮುದ್ರ ನಮಗೆ ದೂರ. ಹೊಳಲಿನ ಅನಂತಶಯನ ಗುಡಿಯಲ್ಲಿ ದೇವರು ಹಾವಿನ ಹಾಸಿಗೆಯ ಮೇಲೆ ಆರಾಮಾಗಿ ಮಲಗಿದ್ದಾನೆ. ಸಮುದ್ರ ಅವನ ಕೆಳಗೇ ಇದೆ ಎಂದು ಭಾವಿಸಿಕೊಳ್ಳಬಹುದು. ಆ ಭಾನುವಾರ ಹಾಲಮ್ಮನಿಗೂ ಹತ್ತಿರದ ಹಳ್ಳಿಯಲ್ಲಿ ಲಸಿಕೆಯ ಕೆಲಸವಿತ್ತು. "ಮುಗಿಸ್ಕೊಂಡು ಬರ್ತೀನಿ, ಏನು ವಿಶೇಷ?" ಎಂದಳು. "ದೇವರ ದರ್ಶನ" ಎಂದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬೈಕಿನಲ್ಲಿ ಹೋಗುವಷ್ಟರಲ್ಲಿ ಅಂಗಿ ನಮ್ಮ ಹೊಲದ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಅವಳು ಸ್ಕೂಟಿಯಲ್ಲಿ ಬಂದಳು. ತೋಳು ಮಡಚಿದ್ದಳು, ಡೆಟಾಲಿನ ವಾಸನೆ ಬರುತ್ತಿತ್ತು, ಮುಡಿಯಲ್ಲಿ ಯಾರೋ ರೈತರ ಮನೆಯವರು ಕೊಟ್ಟ ಕನಕಾಂಬರ ಇತ್ತು. ಇಬ್ಬರೂ ಕೈಮುಗಿದೆವು. ಮಂಗಳಾರತಿ ಆಯಿತು. ಜನ ಕಡಿಮೆ ಇದ್ದರು. ಇನ್ನು ತಡ ಮಾಡಿದರೆ ಧೈರ್ಯ ಇಳಿದುಹೋಗುತ್ತದೆ ಎನ್ನಿಸಿ, ಅವಳ ಕಡೆ ತಿರುಗಿ ಒಂದು ಮೊಣಕಾಲೂರಿದೆ. ಡಬ್ಬಿ ತೆರೆಯುವುದಕ್ಕೆ ಮೊದಲೇ ಪೂಜಾರಿಯವರು ಒಳಗಿನಿಂದ, "ದೇವರು ಈ ಕಡೆ ಅದಾನ್ರಿ, ಈ ಕಡೆ ತಿರುಗ್ರಿ" ಎಂದರು.

ಹಾಲಮ್ಮನಿಗೆ ನಗು ತಡೆಯಲಾಗಲಿಲ್ಲ. ಹೊರಗೆ ಪ್ರಾಕಾರದ ನೆರಳಿಗೆ ಬಂದೆವು. ಅಲ್ಲಿ ಮತ್ತೆ ಮೊಣಕಾಲೂರಿದೆ. ಕಂಠಪಾಠ ಮಾಡಿದ್ದ ಅರ್ಧ ಪುಟದ ಮಾತಿನಲ್ಲಿ ಒಂದಕ್ಷರವೂ ನೆನಪಿಗೆ ಬರಲಿಲ್ಲ. "ನನ್ನ ಮದುವಿ ಆಗ್ತೀರೇನ್ರಿ?" ಎಂದಷ್ಟೇ ಕೇಳಿದೆ.

ಅವಳ ನಗು ನಿಂತಿತು. "ಮೊದ್ಲು ಎದ್ದೇಳ್ರಿ, ಕಲ್ಲು ಒತ್ತತೈತಿ" ಎಂದಳು. ಎದ್ದೆ. ಉಂಗುರ ತೆಗೆದುಕೊಂಡು ತಿರುಗಿಸಿ ನೋಡಿದಳು. ಬೆರಳಿಗೆ ಹಾಕಿದಳು. ಅದು ಉಗುರು ದಾಟಿ, ಮೊದಲ ಗಿಣ್ಣಿಗೆ ಬಂದು, ಅಲ್ಲಿಂದ ಮುಂದೆ ಹೋಗಲು ಒಪ್ಪಲಿಲ್ಲ. ಕೊನೆಗೆ ಕಿರುಬೆರಳಿಗೆ ಹೋಯಿತು, ಅದೂ ಒತ್ತಾಯದಿಂದ. "ಅಳತಿ ಯಾರು ಹೇಳಿದ್ರಿ?" ಎಂದಳು. ಗ್ಲೌಸಿನ ಡಬ್ಬಿಯ ವಿಚಾರ ಹೇಳಬೇಕಾಯಿತು. ಕಂಬಕ್ಕೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ವಿಡಿಯೋದಲ್ಲಿಯೂ ಹುಡುಗಿಯರು ಕಣ್ಣೀರು ಹಾಕಿದ್ದರಾದ್ದರಿಂದ ಕೆಲಸ ಆಯಿತು ಎಂದೇ ನಾನು ಸಮಾಧಾನಪಟ್ಟೆ. ಆಗ ಅವಳು ಉಂಗುರ ಬಿಚ್ಚಿ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ನನ್ನ ಕೈಗೇ ಕೊಟ್ಟಳು. "ಇದು ನಿಮ್ಮ ಹತ್ರ ಇರ್ಲಿ. ನಾನು ಯೋಚನಿ ಮಾಡಿ ಹೇಳ್ತೀನಿ" ಎಂದಳು.

"ಯೋಚನಿ?" ಎಂದೆ. "ಮಂಟಪ ಆಗೈತಲ್ರಿ. ನಿಮ್ಮ ಅಪ್ಪಾರು ಹ್ಞೂ ಅಂದಾರಲ್ರಿ."

"ಅವರನ್ನ ನಿಮ್ಮ ದೊಡ್ಡಪ್ಪಾರು ಕೇಳಿದ್ರು, ಅವರು ಹೇಳಿದ್ರು. ನೀವು ನನ್ನ ಈಗ ಕೇಳೀರಿ" ಎಂದಳು. ಸಿಟ್ಟಿನಿಂದಲ್ಲ, ರೈತರಿಗೆ ಔಷಧಿ ಹೇಗೆ ಕುಡಿಸಬೇಕೆಂದು ತಿಳಿಸುವ ಹಾಗೆ. "ಒಲ್ಲೆ ಅನ್ನಾಕ ಬರದಿದ್ರ ಅದು ಪ್ರಶ್ನಿ ಹೆಂಗ ಆಕ್ಕೈತ್ರಿ ಮೇಷ್ಟ್ರೇ? ಉತ್ತರ ಬೋರ್ಡಿನ ಮ್ಯಾಲೆ ಬರದಿಟ್ಟು ಲೆಕ್ಕ ಕೊಟ್ಟಂಗಾತಲ್ಲ." ಅಷ್ಟು ಹೇಳಿ ಸ್ಕೂಟಿ ಹತ್ತಿ ಹೋದಳು. ಇನ್ನೂ ಕೆಲವು ಆಕಳುಗಳಿಗೆ ಲಸಿಕೆ ಬಾಕಿ ಇತ್ತಂತೆ.

ಷಫಿ ಕೇಳಿ ಮೊಬೈಲ್ ತೆಗೆದು ಎಲ್ಲ ವಿಡಿಯೋಗಳನ್ನೂ ಇನ್ನೊಮ್ಮೆ ನೋಡಿದ. "ವಿಡಿಯೋದಾಗ ಯಾರೂ ಹಿಂಗ ಅಂದಿಲ್ಲ ಭಾಯ್" ಎಂದ. ಅವನ ವಿದ್ಯೆ ಅಲ್ಲಿಗೆ ಮುಗಿಯಿತು. ನನ್ನ ಪಾಡು ಶುರುವಾಯಿತು. ಊರೆಲ್ಲ ನನ್ನ ಮದುವೆಯಾಗುತ್ತದೆ ಎಂದು ನಂಬಿತ್ತು, ನಾನೊಬ್ಬ ಮಾತ್ರ ನಂಬಿರಲಿಲ್ಲ. ಬೀದಿಯಲ್ಲಿ ಯಾರಾದರೂ "ಏನ್ ಮೇಷ್ಟ್ರೇ, ಊಟ ಯಾವಾಗ?" ಎಂದರೆ ಹಲ್ಲು ಕಿರಿದು ಬೇರೆ ಓಣಿ ಹಿಡಿಯುತ್ತಿದ್ದೆ. ದೊಡ್ಡಪ್ಪ ಫೋನ್ ಮಾಡಿ, "ಲೇ ಕೊಟ್ರಾ, ಗೋಧಿ ಹುಗ್ಗಿ ಮಾಡ್ಸಾಣೋ, ಹೋಳಿಗಿ ಮಾಡ್ಸಾಣೋ?" ಎಂದು ಕೇಳಿದ. "ದೊಡ್ಡಪ್ಪ, ಸದ್ಯಕ್ಕ ಯಾವುದನ್ನೂ ಗಟ್ಟಿ ಮಾಡಬ್ಯಾಡ" ಎಂದೆ. "ಹುಗ್ಗಿ ಗಟ್ಟಿ ಇದ್ರನ ಚಲೋಲೇ, ನಿಂಗೇನ್ ಗೊತ್ತು" ಎಂದು ಫೋನಿಟ್ಟ. ಕ್ಲಾಸಿನಲ್ಲಿ ಸಂಭವನೀಯತೆಯ ಪಾಠ ನಡೆಯುತ್ತಿತ್ತು. ನಾಣ್ಯ ಚಿಮ್ಮಿದರೆ ಹೀಗೂ ಬೀಳಬಹುದು, ಹಾಗೂ ಬೀಳಬಹುದು ಎಂದು ಹೇಳುವಾಗ ನನ್ನ ದನಿ ನನಗೇ ಅಳುವವನ ದನಿಯಂತೆ ಕೇಳಿಸಿತು.

ಹಾಲಮ್ಮ ಫೋನ್ ಮಾಡುವುದನ್ನು ಬಿಟ್ಟಿರಲಿಲ್ಲ. ಆದರೆ ಈಗ ಎಮ್ಮೆಗಳ ಸಮಾಚಾರದ ಜೊತೆಗೆ ಪ್ರಶ್ನೆಗಳೂ ಬರುತ್ತಿದ್ದವು. ತನಗೆ ಬೇರೆ ಊರಿಗೆ ವರ್ಗವಾದರೆ ಏನು ಮಾಡುವುದು? ಗೊತ್ತಿಲ್ಲ, ಕೂತು ಮಾತಾಡಬೇಕು ಎಂದೆ. ಕತ್ತಲಾದ ಮೇಲೆ ಯಾವುದಾದರೂ ಹಳ್ಳಿಯಿಂದ ಕರೆ ಬಂದು ತಾನು ಹೋದರೆ ಮನೆಯಲ್ಲಿ ಅಡುಗೆ? "ನಾ ಕಲೀತೀನಿ" ಎಂದೆ. "ಕಲಿಯೋದು ಆಮ್ಯಾಲೆ. ಈಗೇನು ಬರ್ತೈತಿ?" "ಅನ್ನ ಬರ್ತೈತ್ರಿ." "ಸಾರು?" "ಗೊತ್ತಿಲ್ಲ." ಆ ಕಡೆ ಸ್ವಲ್ಪ ಹೊತ್ತು ಮೌನ. ಪರೀಕ್ಷೆಯ ಹಾಲಿನಲ್ಲಿ ಈ ಮೌನವನ್ನು ನಾನು ಆಚೆ ಬದಿಯಿಂದ ಮಾತ್ರ ಕಂಡಿದ್ದೆ. ಈಚೆ ಬದಿ ಇಷ್ಟು ಬೆವರುತ್ತದೆ ಎಂದು ಗೊತ್ತಿರಲಿಲ್ಲ. ಆದರೆ ಒಂದು ವಿಚಿತ್ರವೂ ನಡೆಯಿತು. ಮೊದಲು ಫೋನ್ ಇಟ್ಟ ಮೇಲೆ ಏನು ಮಾತಾಡಿದೆವು ಎಂದು ನೆನಪಿರುತ್ತಿರಲಿಲ್ಲ. ಈಗ ಅವಳ ಒಂದೊಂದು ಮಾತೂ ಮರುದಿನದವರೆಗೆ ಜೊತೆಯಲ್ಲಿರುತ್ತಿತ್ತು. ಅವಳು ಒಲ್ಲೆ ಎಂದರೆ ಮಂಟಪ, ಹುಗ್ಗಿ, ಊರವರ ಮಾತು ಎಲ್ಲ ಹೋಗಲಿ, ಸಂಜೆ ಫೋನ್ ಬರುವುದಿಲ್ಲವಲ್ಲ ಎಂಬುದೇ ಮೊದಲು ನೆನಪಾಗುತ್ತಿತ್ತು.

ಒಂದು ಸಂಜೆ ಅವ್ವ ಬೀಗರಿಗೆ ಕೊಡುವ ಸೀರೆಗಳನ್ನು ಹರಡಿಕೊಂಡು, ಯಾವ ಬಣ್ಣ ಯಾರಿಗೆ ಎಂದು ಕೇಳಿದಳು. ಇನ್ನು ಮುಚ್ಚಿಡುವುದು ಸರಿಯಲ್ಲ ಎನ್ನಿಸಿತು. ಎಲ್ಲವನ್ನೂ ಹೇಳಿದೆ. ಮೊಣಕಾಲೂರಿದ್ದನ್ನು ಮಾತ್ರ ಬಿಟ್ಟೆ. ಅವ್ವ ಬಯ್ಯುತ್ತಾಳೆ, ದೊಡ್ಡಪ್ಪನಿಗೆ ಫೋನ್ ಹೋಗುತ್ತದೆ, ದೊಡ್ಡಪ್ಪ ಹಡಗಲಿಗೆ ಹೊರಡುತ್ತಾನೆ ಎಂದು ಕಾದೆ. ಅವ್ವ ಸೀರೆಗಳನ್ನು ಒಂದೊಂದಾಗಿ ಮಡಚಿದಳು. ಮಡಚುತ್ತಲೇ ಹೇಳಿದಳು: "ನನ್ನ ಕೇಳಿದ್ರ ನಾನೂ ಒಂದಿನ ಯೋಚನಿ ಮಾಡ್ತಿದ್ನೇನೋ."

"ಅಪ್ಪಗ ಹ್ಞೂ ಅಂತಿದ್ದೇನವ್ವ?" ಎಂದು ಕೇಳಿದೆ.

"ಅದಕ್ಕ ಯೋಚನಿ ಮಾಡಬೇಕಾಗಿತ್ತಲ್ಲಪ್ಪ" ಎಂದಳು ಅವ್ವ. ಸೀರೆಗಳನ್ನು ಪೆಟ್ಟಿಗೆಗೆ ಹಾಕಿದಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ, "ಆಕಿ ಯೋಚನಿ ಮಾಡ್ಲಿ ಬಿಡು. ನೀನು ಅಷ್ಟರೊಳಗ ಸಾರು ಕಲಿ, ಬಾ ಇಲ್ಲಿ" ಎಂದು ಕರೆದಳು. ಅಂದು ಹುಣಸೆಹಣ್ಣು ಎಷ್ಟು ಕಿವುಚಬೇಕು ಎಂಬಲ್ಲಿಂದ ನನ್ನ ವಿದ್ಯಾಭ್ಯಾಸ ಪ್ರಾರಂಭವಾಯಿತು. ಮೊದಲ ಸಾರನ್ನು ಅವ್ವ ಉಂಡು, ಮೊಸರು ಕೇಳಿದಳು.

ಶನಿವಾರ ಮಧ್ಯಾಹ್ನ ಶಾಲೆ ಬಿಡುವ ಹೊತ್ತಿಗೆ ಹಾಲಮ್ಮನ ಫೋನ್ ಬಂತು. "ಇಟ್ಟಿಗಿಗೆ ಬರ್ತೀರೇನ್ರಿ? ಡಬ್ಬಿ ತರ್ರಿ" ಎಂದಳು. ಡಬ್ಬಿ ತರಲು ಹೇಳಿದ್ದು ಒಳ್ಳೆಯ ಸೂಚನೆಯೋ, ಅಂಗಡಿಗೆ ವಾಪಸ್ ಮಾಡಿಸುವ ಸೂಚನೆಯೋ ತಿಳಿಯಲಿಲ್ಲ. ದಾರಿಯುದ್ದಕ್ಕೂ ಎರಡನ್ನೂ ವಾದಿಸಿಕೊಂಡು ಹೋದೆ. ಆಸ್ಪತ್ರೆಯ ಅಂಗಳದಲ್ಲಿ ಒಂದು ಕುರಿ ಈಯುವ ಸಂಕಟದಲ್ಲಿತ್ತು. ಅದರ ಯಜಮಾನಿ ಮುದುಕಿ ತಲೆ ಹಿಡಿದಿದ್ದಳು, ದುರುಗಪ್ಪ ಕಾಲು ಹಿಡಿದಿದ್ದ, ಹಾಲಮ್ಮ ಮಂಡಿಯೂರಿ ಕೂತಿದ್ದಳು, ಎರಡೂ ಮಂಡಿ. "ಸುಮ್ನ ನಿಂತೀರಲ್ಲ, ಬಿಸಿನೀರು ತರ್ರಿ" ಎಂದಳು. ತಂದೆ. ಮರಿ ಹೊರಗೆ ಬಂತು, ಸೀನಿತು. ಮುದುಕಿ ಅದರ ಬಾಯಿ ಒರೆಸಿ ನನ್ನನ್ನು ನೋಡಿ, "ಹೊಸ ಕಂಪೌಂಡರೇನ್ರಿ?" ಎಂದು ಹಾಲಮ್ಮನನ್ನು ಕೇಳಿದಳು. "ಇನ್ನೂ ಗಟ್ಟಿ ಆಗಿಲ್ಲವ್ವ" ಎಂದಳು ಹಾಲಮ್ಮ.

ಕೈ ತೊಳೆದು, ಒರೆಸಿಕೊಂಡು, ಬೇವಿನ ಮರದ ಕೆಳಗೆ ಬಂದು ನಿಂತಳು. "ಆತ್ರಿ, ಆಗ್ತೀನಿ" ಎಂದಳು. ಅಷ್ಟೇ. ಇಷ್ಟು ದಿನ ಕಾದದ್ದಕ್ಕೆ ಉತ್ತರ ಸ್ವಲ್ಪ ಚಿಕ್ಕದಾಯಿತು ಎನ್ನಿಸಿ, "ಯಾಕ್ರಿ?" ಎಂದು ಕೇಳಿಬಿಟ್ಟೆ. ಮೇಷ್ಟ್ರ ಚಾಳಿ, ಉತ್ತರ ಸರಿಯಿದ್ದರೂ ಬಿಡಿಸಿದ ವಿಧಾನ ತೋರಿಸು ಎನ್ನುವುದು. ಅವಳು ಯೋಚಿಸಿ ಹೇಳಿದಳು: "ನಾ ಕೇಳಿದಾಗ 'ಗೊತ್ತಿಲ್ಲ' ಅಂದ್ರಲ್ಲ. ಗೊತ್ತಿಲ್ಲ ಅನ್ನೋ ಮೇಷ್ಟ್ರನ್ನ ನಾ ನೋಡಿರಲಿಲ್ರಿ." ನನ್ನ ಇಡೀ ವೃತ್ತಿಜೀವನದಲ್ಲಿ ಅಜ್ಞಾನಕ್ಕೆ ಇಷ್ಟು ದೊಡ್ಡ ಬಹುಮಾನ ಸಿಕ್ಕಿದ್ದು ಅದೇ ಮೊದಲು. ಡಬ್ಬಿ ಕೊಟ್ಟೆ. ಅಳತೆ ಸರಿ ಮಾಡಿಸಲು ತಾನೇ ಹರಪನಹಳ್ಳಿಗೆ ಹೋಗುವುದಾಗಿ ಹೇಳಿದಳು. ಈ ಕೆಲಸದಲ್ಲಿ ನನ್ನ ಮೇಲೆ ನಂಬಿಕೆ ಉಳಿದಿರಲಿಲ್ಲ. "ಆದ್ರ ಕೆಲಸದಾಗ ಹಾಕ್ಕೊಳಾಕ ಆಗಂಗಿಲ್ಲ, ಗ್ಲೌಸ್ ಹರೀತೈತಿ. ಹಬ್ಬ ಹುಣ್ಣಿಮಿಗೆ ಹಾಕ್ಕೋತೀನಿ" ಎಂದಳು. ನನಗೆ ಅಷ್ಟೇ ಸಾಕಾಗಿತ್ತು. ಬೈಕಿನ ಕಡೆ ತಿರುಗಿದೆ.

"ನಿಲ್ರಿ" ಎಂದಳು. "ನಾ ಹೇಳ್ದೆ. ಈಗ ನಾನೂ ಕೇಳಬೇಕಲ್ಲ. ನೀವು ನನ್ನ ಮದುವಿ ಆಗ್ತೀರೇನ್ರಿ?"

ಹ್ಞೂ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಇಷ್ಟು ದಿನ ಒಲೆಯ ಮೇಲೆ ಕೂತವನು ನಾನು. ನನಗೂ ಒಂದು ಮರ್ಯಾದೆ ಇದೆಯಲ್ಲ ಎನ್ನಿಸಿತು. ಅಂಗಿಯ ಕಾಲರ್ ಸರಿಮಾಡಿಕೊಂಡು, "ಯೋಚನಿ ಮಾಡಿ ಹೇಳ್ತೀನ್ರಿ" ಎಂದೆ. ಅವಳು ಗಂಭೀರವಾಗಿ ತಲೆಯಾಡಿಸಿ, "ಆಗ್ಲಿ, ಸಾವಕಾಶ ಮಾಡ್ರಿ" ಎಂದು ಒಳಗೆ ಹೋದಳು. ಬಹಳ ಗತ್ತಿನಿಂದ ಬೈಕ್ ಹತ್ತಿದೆ. ಊರ ಕೊನೆಯ ಮನೆ ದಾಟುವವರೆಗೂ ಆ ಗತ್ತು ಉಳಿಯಿತು. ಅಲ್ಲಿ, ಎಲ್ಲಿಂದಲೋ ಒಂದು ಅನುಮಾನ ಹಿಡಿದುಕೊಂಡಿತು. ಸಾವಕಾಶ ಎಂದಳಲ್ಲ, ಅಷ್ಟರಲ್ಲಿ ಅವಳೇ ಇನ್ನೊಮ್ಮೆ ಯೋಚನೆ ಮಾಡಿದರೆ? ಬೈಕ್ ಪಕ್ಕಕ್ಕೆ ನಿಲ್ಲಿಸಿ ಫೋನ್ ಮಾಡಿದೆ. ಬಹಳ ಹೊತ್ತು ರಿಂಗಾದ ಮೇಲೆ ಎತ್ತಿಕೊಂಡದ್ದು ದುರುಗಪ್ಪ.

"ಮೇಡಂ ಒಳಗ ಎಮ್ಮಿ ನೋಡಾಕ ಹತ್ಯಾರ್ರಿ. ಏನು ಹೇಳಬೇಕು?"

"ಹ್ಞೂ ಅಂತ ಹೇಳ್ರಿ" ಎಂದೆ.

"ಏನಂತ್ರಿ?"

"ಹ್ಞೂ ಅಂತ" ಎಂದು ರಸ್ತೆಯ ಮೇಲೆ ನಿಂತು ಕೂಗಿದೆ. ಹೊಲದಲ್ಲಿ ಕಳೆ ತೆಗೆಯುತ್ತಿದ್ದವರು ತಲೆಯೆತ್ತಿ ನೋಡಿದರು. "ಕೊಟ್ರೇಶ ಮೇಷ್ಟ್ರು ಹ್ಞೂ ಅಂದ್ರು ಅಂತ ಹೇಳ್ರಿ, ಮೇಡಂಗ ತಿಳೀತೈತಿ."

ಆ ಕಡೆ ದುರುಗಪ್ಪ ನಿಧಾನವಾಗಿ ಉಸಿರು ಬಿಟ್ಟ. "ಅದು ಸರಿ ಸರ, ಹೇಳ್ತೀನಿ" ಎಂದ. "ಯಾವ ಊರು ಹೇಳ್ರಿ, ಹಸುವೋ ಎಮ್ಮಿಯೋ, ಮತ್ತ ಮೇವು ತಿನ್ನೋದು ಬಿಟ್ಟು ಎಷ್ಟು ದಿನ ಆತು?"

ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. "ಹಗರಿಬೊಮ್ಮನಹಳ್ಳಿದು" ಎಂದೆ. "ಹೊಳಲಿಗೆ ಹೋಗಿ ಬಂದಾಗಿಂದ ಸರಿಯಾಗಿ ತಿಂದಿಲ್ರಿ."